ಫೈಲಿಗೆ ಚಿಲಕ ಹಾಕಿ ಊರಿಗೆ ಹೋದವನು

ಹಿಂದೆ ನಾನು ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ಒಂದು ಗುರುವಾರ ಸಂಜೆ ಬಿಲ್ಲಿಂಗ್ ಪ್ರೋಗ್ರಾಮಿನಲ್ಲಿ ತಪ್ಪೊಂದು ಸಿಕ್ಕಿತು. ಎಲ್ಲಿದೆ ಅಂತ ಗೊತ್ತು, ಸರಿಮಾಡುವುದು ಹೇಗೆ ಅಂತಲೂ ಗೊತ್ತು. ಬದಲಿಸಬೇಕಿದ್ದದ್ದು ಒಂದೇ ಸಾಲು. ಆದರೆ ಫೈಲು ತೆಗೆಯಲು ಹೋದರೆ ಬೇರೊಬ್ಬರು ಚೆಕ್‌ಔಟ್ ಮಾಡಿಕೊಂಡಿದ್ದಾರೆ, ಅಂದರೆ ತಿದ್ದಲು ತೆಗೆದುಕೊಂಡು ಮಿಕ್ಕವರು ಮುಟ್ಟದಂತೆ ಲಾಕ್ ಹಾಕಿದ್ದಾರೆ ಎಂಬ ಗುರುತು. ಆ ಬೇರೊಬ್ಬರು ಅಂದರೆ ನಮ್ಮ ಟೀಮಿನ ಶಿರಸಿ ಕಡೆಯ ಹುಡುಗ. ಅಕ್ಕನ ಮದುವೆಗೆಂದು ಮಧ್ಯಾಹ್ನವೇ ಬಸ್ಸು ಹತ್ತಿದ್ದ. ಫೋನ್ ಮಾಡಿದರೆ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.

ಅಡ್ಮಿನ್ ಮನಸ್ಸು ಮಾಡಿದ್ದರೆ ಆ ಲಾಕನ್ನು ಬಿಡಿಸಬಹುದಿತ್ತು. ಯಾರಿಗೂ ಧೈರ್ಯ ಬರಲಿಲ್ಲ. ಅವನು ಆ ಫೈಲಿನಲ್ಲಿ ಎಷ್ಟು ಕೆಲಸ ಮಾಡಿಟ್ಟಿದ್ದಾನೋ, ನಾವು ಕೈ ಹಾಕಿ ಅದು ಹಾಳಾದರೆ? ಸೋಮವಾರದವರೆಗೆ ಕಾದೆವು.

ಇಂಥ ಲಾಕ್ ಯಾಕೆ ಬೇಕಾಯಿತು, ಆಮೇಲೆ ಹೇಗೆ ಹಿಂದೆ ಸರಿಯಿತು, ಇವತ್ತಿಗೂ ಕೆಲವು ಕಡೆ ಯಾಕೆ ಉಳಿದುಕೊಂಡಿದೆ? ಇದು ಗೊತ್ತಾದರೆ, ಕೋಡಿನ ಹಳೆಯ ಹೊಸ ಆವೃತ್ತಿಗಳನ್ನು ಕಾಪಾಡುವ ಗಿಟ್ ಎಂಬ ಪ್ರೋಗ್ರಾಂ ಬಳಸುವಾಗ ತಲೆಕೆಡಿಸುವ ಅರ್ಧ ವಿಷಯ ತಾನಾಗಿ ತಿಳಿಯಾಗುತ್ತದೆ.

ಅಪಾರ್ಟ್‌ಮೆಂಟಿನ ತಿಂಗಳ ಮೇಂಟೆನೆನ್ಸ್ ಲೆಕ್ಕ ಹಾಕುವ ಪ್ರೋಗ್ರಾಂ ಒಂದಿದೆ ಅಂದುಕೊಳ್ಳಿ. ಅದರಲ್ಲೊಂದು ಫೈಲು, ಐವತ್ತು ಸಾಲು. ಮೂರನೆಯ ಸಾಲಿನಲ್ಲಿ ನೀರಿನ ದರ 30 ಎಂದಿದೆ, ನಲವತ್ತನೆಯದರಲ್ಲಿ ಲಿಫ್ಟ್ ಶುಲ್ಕ 200 ಎಂದಿದೆ. ಬೆಳಿಗ್ಗೆ ಹತ್ತಕ್ಕೆ ರುಕ್ಮಿಣಿ, ಇಮ್ರಾನ್ ಇಬ್ಬರೂ ಈ ಫೈಲಿನ ಒಂದೊಂದು ಪ್ರತಿ ತಮ್ಮ ಕಂಪ್ಯೂಟರಿಗೆ ತೆಗೆದುಕೊಂಡರು. ರುಕ್ಮಿಣಿ ನೀರಿನ ದರವನ್ನು 35 ಮಾಡಿ ಹನ್ನೊಂದೂವರೆಗೆ ಸರ್ವರಿನಲ್ಲಿಟ್ಟಳು. ಇಮ್ರಾನ್ ಲಿಫ್ಟ್ ಶುಲ್ಕದ ಸಾಲನ್ನೇ ತೆಗೆದುಹಾಕಿ ಹನ್ನೆರಡೂವರೆಗೆ ತನ್ನ ಪ್ರತಿ ತಂದಿಟ್ಟ. ಅವನ ಪ್ರತಿಯಲ್ಲಿ ಮೂರನೆಯ ಸಾಲು ಇನ್ನೂ ಹಳೆಯದೇ. ಹಾಗಾಗಿ 35 ಮತ್ತೆ 30 ಆಯಿತು. ಕಂಪ್ಯೂಟರ್ ಗೊಣಗಲಿಲ್ಲ, ಯಾವ ಎಚ್ಚರಿಕೆಯೂ ಬರಲಿಲ್ಲ. ರುಕ್ಮಿಣಿ ಕೆಲಸ ಮುಗಿಯಿತೆಂದು ಊಟಕ್ಕೆ ಹೋಗಿದ್ದಾಳೆ. ತಿಂಗಳ ಕೊನೆಗೆ ಬಿಲ್ಲು ಬಂದಾಗಲೇ ಗೊತ್ತಾಗುವುದು, ಮಾಡಿದ ಬದಲಾವಣೆ ಮಾಯವಾಗಿದೆ ಎಂದು.

ಇಲ್ಲಿ ಇಮ್ರಾನ್ ತಪ್ಪೇನೂ ಮಾಡಿಲ್ಲ. ಅವನು ರುಕ್ಮಿಣಿಯ ಸಾಲನ್ನು ಮುಟ್ಟಲೇ ಇಲ್ಲ. ಕೆಲಸ ಮಾಡಿದ್ದು ಒಂದು ಸಾಲಿನ ಮೇಲಾದರೂ ವಾಪಸ್ ಇಟ್ಟದ್ದು ಇಡೀ ಫೈಲನ್ನು. ಎಡವಟ್ಟು ಇರುವುದು ಅಷ್ಟರಲ್ಲೇ.

ಇದಕ್ಕೆ ಮೊದಲು ಹೊಳೆದ ಪರಿಹಾರ ಕೂಡುಕುಟುಂಬದ ಬಚ್ಚಲುಮನೆಯದು. ಒಬ್ಬರು ಒಳಗಿದ್ದಾಗ ಚಿಲಕ; ಮಿಕ್ಕವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಕ್‌ಕೈಂಡ್ ಬರೆದ ಎಸ್‌ಸಿಸಿಎಸ್ ಎಂಬ ಪ್ರೋಗ್ರಾಂ ಮಾಡಿದ್ದು ಇದನ್ನೇ. ಮೊದಲು ಐಬಿಎಂ 370 ಕಂಪ್ಯೂಟರಿಗೆ ಸ್ನೊಬಾಲ್ ಭಾಷೆಯಲ್ಲಿ ಬರೆದರು, ಆಮೇಲೆ ಯುನಿಕ್ಸ್‌ಗೆ ಸಿ ಭಾಷೆಯಲ್ಲಿ. ಫೈಲನ್ನು ಓದುವುದಕ್ಕೆ ಯಾರು ಬೇಕಾದರೂ ತೆಗೆಯಬಹುದು. ತಿದ್ದುವುದಕ್ಕೆ ಅಂತ ಕೇಳಿ ತೆಗೆದರೆ ಮಾತ್ರ ಪಕ್ಕದಲ್ಲಿ ಇನ್ನೊಂದು ಪುಟ್ಟ ಫೈಲು ಹುಟ್ಟಿ, ಇಂಥವರು ಇಷ್ಟು ಹೊತ್ತಿಗೆ ಈ ಆವೃತ್ತಿ ತೆಗೆದುಕೊಂಡಿದ್ದಾರೆ ಎಂದು ಬರೆದಿಡುತ್ತದೆ. ಎರಡನೆಯವರು ಅದೇ ಆವೃತ್ತಿಯನ್ನು ತಿದ್ದುವುದಕ್ಕೆ ಕೇಳಿದರೆ, ಇಲ್ಲ. ಹಳೆಯ ಆವೃತ್ತಿಗಳೂ ಕಳೆದುಹೋಗುವುದಿಲ್ಲ. ಪ್ರತಿಸಲ ಏನು ಬದಲಾಯಿತು, ಯಾರು ಮಾಡಿದರು ಅನ್ನುವಷ್ಟನ್ನು ಜೋಡಿಸಿಡುತ್ತದೆ. ಆವೃತ್ತಿ ನಿಯಂತ್ರಣದ ಬುಡ ಇದು.

ಹತ್ತು ವರ್ಷದ ನಂತರ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಟಿಖಿ ಅವರ ಆರ್‌ಸಿಎಸ್ ಎಂಬ ಇಂಥದೇ ಪ್ರೋಗ್ರಾಂ ಬಂತು. ಅದರ ಒಂದು ಜಾಣತನ ಎಲ್ಲ ಕಡೆ ಪ್ರಸಿದ್ಧ: ಹೊಸ ಆವೃತ್ತಿಯನ್ನು ಇಡಿಯಾಗಿಟ್ಟು, ಅಲ್ಲಿಂದ ಹಿಂದಕ್ಕೆ ಹೋಗಲು ಬೇಕಾದ ವ್ಯತ್ಯಾಸಗಳನ್ನಷ್ಟೇ ಉಳಿಸುವುದು. ಜನ ಹೆಚ್ಚಾಗಿ ಕೇಳುವುದು ಹೊಸದನ್ನೇ ತಾನೆ? ನನಗೆ ಮಾತ್ರ ಅದರ ಇನ್ನೊಂದು ಗುಣ ಹೆಚ್ಚು ಇಷ್ಟ. ಯಾರೋ ಹಾಕಿದ ಲಾಕನ್ನು ಇನ್ನೊಬ್ಬರು ಮುರಿಯಬಹುದು. ಆದರೆ ಮುರಿಯುವಾಗ ಅದು, ಯಾಕೆ ಮುರಿಯುತ್ತಿದ್ದೀರಿ ಎಂದು ಕೇಳುತ್ತದೆ. ನೀವು ಬರೆದ ಕಾರಣ ಲಾಕ್ ಹಾಕಿದ್ದವರಿಗೆ ಮೇಲ್ ಆಗಿ ಹೋಗುತ್ತದೆ. ಬಾಗಿಲು ಒಡೆದವರು ಚೀಟಿ ಅಂಟಿಸಿ ಹೋಗಬೇಕು, ಅಷ್ಟೆ. ಲಾಕ್ ಅನ್ನುವುದು ಕಂಪ್ಯೂಟರಿನ ಸಂಗತಿಯಾಗಿದ್ದಕ್ಕಿಂತ ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತಾಗಿತ್ತು ಎಂಬುದು ಆಗಲೇ ಅವರಿಗೆ ಹೊಳೆದಿತ್ತು.

ನಮ್ಮ ಟೀಮಿನಲ್ಲಿ ಕೊರತೆಯಾದದ್ದು ಆ ಮಾತೇ. ಸೋಮವಾರ ಆ ಹುಡುಗ ತೊಡೆದೇವಿನ ಪೊಟ್ಟಣದ ಜೊತೆ ಬಂದ. ಫೈಲು ಬಿಡಿಸಿ ನೋಡಿದರೆ ಅವನು ಒಂದಕ್ಷರವನ್ನೂ ಬದಲಿಸಿರಲಿಲ್ಲ. "ಏನೋ ನೋಡೋಣ ಅಂತ ತೆಗ್ದಿದ್ದೆ, ಮರ್ತ್ಹೋಯ್ತು" ಅಂದ. ನಾಲ್ಕು ದಿನ ಅವನ ಕೆಲಸಕ್ಕೆ ಹೆದರಿ ಕೂತಿದ್ದೆವಲ್ಲ, ಅಲ್ಲಿ ಕೆಲಸವೇ ಇರಲಿಲ್ಲ.

1990ರ ದಶಕದಲ್ಲಿ ವಿಂಡೋಸ್ ಕಡೆ ಕೆಲಸ ಮಾಡಿದವರಿಗೆಲ್ಲ ಇಂಥ ಕಥೆ ಒಂದಾದರೂ ಇರುತ್ತದೆ. ಮೈಕ್ರೋಸಾಫ್ಟ್ 1994ರಲ್ಲಿ ಕೊಂಡುಕೊಂಡ ಸೋರ್ಸ್‌ಸೇಫ್ ಎಂಬ ಇಂಥದೇ ಪ್ರೋಗ್ರಾಮಿನಲ್ಲಿ ನೀವಾಗಿ ಬದಲಿಸದಿದ್ದರೆ ನಡೆಯುತ್ತಿದ್ದದ್ದು ಒಬ್ಬರಿಗೆ ಒಂದು ಫೈಲು ಎಂಬ ಪದ್ಧತಿ. ಮೂರು ಜನರ ಟೀಮಿಗೆ ಅದು ಸಾಕು. ಮೂವತ್ತು ಜನರಾದರೆ ಬೆಳಿಗ್ಗೆ ಬಂದವರು ಬೇಕಿರುವ, ಬೇಕಾಗಬಹುದಾದ ಫೈಲುಗಳನ್ನೆಲ್ಲ ಮೊದಲೇ ಹಿಡಿದಿಟ್ಟುಕೊಳ್ಳುವುದಕ್ಕೆ ಶುರುಮಾಡುತ್ತಾರೆ, ಬಸ್ಸಿನ ಕಿಟಕಿಯಲ್ಲಿ ಕರ್ಚೀಫು ಹಾಕಿದ ಹಾಗೆ. ಇನ್ನು ರುಕ್ಮಿಣಿ ಒಂದು ಫೈಲು ಹಿಡಿದು ಇಮ್ರಾನ್ ಹತ್ತಿರವಿರುವ ಇನ್ನೊಂದಕ್ಕೆ ಕಾಯುತ್ತಾ, ಇಮ್ರಾನ್ ಅದನ್ನು ಹಿಡಿದು ರುಕ್ಮಿಣಿಯದಕ್ಕೆ ಕಾಯುತ್ತಾ ಕೂತರಂತೂ ಮುಗಿಯಿತು.

ಈ ಚಿಲಕವನ್ನೇ ತೆಗೆದುಹಾಕೋಣ ಎಂದು ಹೊರಟವರು ಡಿಕ್ ಗ್ರೂನ. ಆಮ್ಸ್ಟರ್‌ಡ್ಯಾಮಿನ ವ್ರೈಯೆ ವಿಶ್ವವಿದ್ಯಾಲಯದಲ್ಲಿ ಅವರೂ ಇಬ್ಬರು ವಿದ್ಯಾರ್ಥಿಗಳೂ ಸೇರಿ ಒಂದು ಸಿ ಕಂಪೈಲರ್ (ಸಿ ಭಾಷೆಯ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಬರೆಯುತ್ತಿದ್ದರು. ಒಬ್ಬನದು ಒಂಬತ್ತರಿಂದ ಐದರ ಕೆಲಸ, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ, ಗ್ರೂನ ಅವರಿಗೆ ಬಿಡುವು ಸಂಜೆ ಮಾತ್ರ. ಮೂವರೂ ಒಬ್ಬರಿಗೊಬ್ಬರು ಕಾಯುತ್ತಾ ಕೂತರೆ ಕಂಪೈಲರ್ ಮುಗಿಯುವುದು ಯಾವಾಗ? ಆರ್‌ಸಿಎಸ್‌ನ ಮೇಲೆ ಒಂದಿಷ್ಟು ಶೆಲ್ ಸ್ಕ್ರಿಪ್ಟ್ ಬರೆದು, 1986ರಲ್ಲಿ ಎಲ್ಲರಿಗೂ ಹಂಚಿದರು. ಅದೇ ಸಿವಿಎಸ್. ಅದರಲ್ಲಿ ಎಲ್ಲರೂ ಒಂದೇ ಫೈಲನ್ನು ಒಟ್ಟಿಗೇ ತಿದ್ದಬಹುದು, ಕೊನೆಗೆ ಕೂಡಿಸಿಕೊಂಡರಾಯಿತು. ಕಾಯುವ ಕೆಲಸ ಹೋಗಿ ಕೂಡಿಸುವ ಕೆಲಸ ಬಂತು.

ಈ ಕೂಡಿಸುವುದನ್ನು ಮರ್ಜ್ ಎನ್ನುತ್ತೇವೆ. ಅದು ಹೇಗೆ ನಡೆಯುತ್ತದೆ ಅನ್ನುವುದನ್ನು ದಿನಕ್ಕೆ ಹತ್ತು ಸಲ ಮರ್ಜ್ ಮಾಡುವವರೂ ಯೋಚಿಸಿರುವುದಿಲ್ಲ. ಸ್ವಲ್ಪ ನಿಂತು ನೋಡೋಣ.

ನಿಮ್ಮ ಮುಂದೆ ಎರಡೇ ಪ್ರತಿ ಇವೆ ಅನ್ನಿ. ರುಕ್ಮಿಣಿಯದರಲ್ಲಿ ಲಿಫ್ಟ್ ಶುಲ್ಕದ ಸಾಲಿದೆ, ಇಮ್ರಾನನದರಲ್ಲಿ ಇಲ್ಲ. ಕೂಡಿಸಿದ ಪ್ರತಿಯಲ್ಲಿ ಆ ಸಾಲು ಇರಬೇಕೋ ಬೇಡವೋ? ರುಕ್ಮಿಣಿ ಅದನ್ನು ಹೊಸದಾಗಿ ಸೇರಿಸಿದ್ದಾಳೆಯೋ, ಇಮ್ರಾನ್ ಇದ್ದದ್ದನ್ನು ತೆಗೆದಿದ್ದಾನೆಯೋ? ಎರಡು ಪ್ರತಿಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಗೊತ್ತಾಗುವುದಿಲ್ಲ. ಎರಡು ಕಥೆಗೂ ಸಿಗುವ ಚಿತ್ರ ಒಂದೇ.

ಮೂರನೆಯ ಪ್ರತಿಯೊಂದನ್ನು ತನ್ನಿ, ಇಬ್ಬರೂ ಬೆಳಿಗ್ಗೆ ಹತ್ತಕ್ಕೆ ತೆಗೆದುಕೊಂಡಿದ್ದ ಮೂಲವನ್ನು. ಅದರಲ್ಲಿ ಲಿಫ್ಟ್ ಸಾಲಿದೆ. ಹಾಗಾದರೆ ತೆಗೆದದ್ದು ಇಮ್ರಾನ್. ರುಕ್ಮಿಣಿ ಅದನ್ನು ಮುಟ್ಟಿಲ್ಲ. ಸಾಲು ಹೋಗಲಿ. ಮೂಲದಲ್ಲಿ ನೀರಿನ ದರ 30, ಇಮ್ರಾನನಲ್ಲೂ 30, ರುಕ್ಮಿಣಿಯಲ್ಲಿ 35. ಬದಲಿಸಿದ್ದು ಅವಳೊಬ್ಬಳೇ. 35 ಉಳಿಯಲಿ. ಒಂದೊಂದು ಜಾಗದಲ್ಲೂ ಮೂಲಕ್ಕೆ ಹೋಲಿಸಿ, ಒಬ್ಬರೇ ಬದಲಿಸಿದ್ದರೆ ಅವರದನ್ನು ತೆಗೆದುಕೊಳ್ಳುವುದು, ಇಬ್ಬರೂ ಒಂದೇ ರೀತಿ ಬದಲಿಸಿದ್ದರೂ ತಂಟೆಯಿಲ್ಲ. ಅಣ್ಣತಮ್ಮಂದಿರ ಪಾಲಿನ ಪಂಚಾಯ್ತಿಯಲ್ಲಿ ಹಿರಿಯರು ಅಪ್ಪನ ಕಾಲದ ಪತ್ರ ತಂದು ಮುಂದಿಟ್ಟುಕೊಳ್ಳುವುದು ಇದಕ್ಕೇ. ಗಿಟ್ ಇಡೀ ಚರಿತ್ರೆಯನ್ನು ಹೊತ್ತು ತಿರುಗುವುದಕ್ಕೆ ಒಂದು ದೊಡ್ಡ ಕಾರಣವೂ ಇದೇ: ಯಾವ ಎರಡು ಕವಲುಗಳನ್ನು (ಒಂದೇ ಮೂಲದಿಂದ ಬೇರೆಯಾಗಿ ಬೆಳೆದ ಪ್ರತಿಗಳನ್ನು) ಕೊಟ್ಟರೂ ಅವು ಬೇರೆಯಾದ ಜಾಗ ಎಲ್ಲಿ ಎಂದು ಹಿಂದಕ್ಕೆ ನಡೆದು ಹುಡುಕಿ, ಆ ಮೂಲವನ್ನು ತರಬೇಕು.

ಇಬ್ಬರೂ ಒಂದೇ ಸಾಲನ್ನು ಬೇರೆಬೇರೆ ಬದಲಿಸಿದ್ದರೆ, ರುಕ್ಮಿಣಿ 35 ಅಂದು ಇಮ್ರಾನ್ 32 ಅಂದಿದ್ದರೆ, ಆಗ ಗಿಟ್ ಕೈ ಎತ್ತುತ್ತದೆ. ಇದು ಕಾನ್‌ಫ್ಲಿಕ್ಟ್. (ಬದಲಿಸಿದ ಸಾಲುಗಳು ಬೇರೆಯಾಗಿದ್ದರೂ ನಡುವೆ ಒಂದೂ ಸಾಲು ಬಿಡದೆ ಪಕ್ಕಪಕ್ಕದಲ್ಲಿದ್ದರೆ ಅದನ್ನೂ ಜಗಳವೆಂದೇ ಎಣಿಸುತ್ತದೆ.) ಫೈಲಿನಲ್ಲಿ ಆ ಜಾಗಕ್ಕೆ ಏಳು ಬಾಣದ ಗುರುತು ಹಾಕಿ ನಿಮ್ಮದು, ನಡುವೆ ಏಳು ಸಮ ಚಿಹ್ನೆ, ಕೆಳಗೆ ಅವರದು. ಹೊಸಬರು ಇದನ್ನು ಕಂಡೊಡನೆ ಬೆವರುತ್ತಾರೆ, ಏನೋ ಮುರಿದುಹೋಯಿತೆಂದು. ಮುರಿದಿಲ್ಲ. ಇದು ನನಗೆ ತೀರ್ಮಾನವಾಗದ ಮಾತು, ನೀವಿಬ್ಬರೂ ಕೂತು ಮಾತಾಡಿ ಎಂದು ಹೇಳುವ ರೀತಿ ಅದು.

ಒಂದು ಚಿಕ್ಕ ಸಲಹೆ. ಗಿಟ್ ತಾನಾಗಿ ತೋರಿಸುವುದು ಎರಡು ಪಕ್ಷಗಳನ್ನು ಮಾತ್ರ; ಮೂಲವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಕಾನ್‌ಫ್ಲಿಕ್ಟ್‌ಸ್ಟೈಲ್ ಎಂಬ ಸೆಟ್ಟಿಂಗಿಗೆ ಡಿಫ್3 ಎಂದು ಕೊಟ್ಟರೆ ನಡುವೆ ಮೂಲವೂ ಕಾಣುತ್ತದೆ. ಮೂಲ 30 ಎಂದು ಕಂಡಾಗ, ಇಬ್ಬರೂ ಏರಿಸಲು ಹೊರಟಿದ್ದರು, ಎಷ್ಟಕ್ಕೆ ಅನ್ನುವುದಷ್ಟೇ ಪ್ರಶ್ನೆ ಎಂದು ಅರ್ಥವಾಗುತ್ತದೆ. ಇಷ್ಟು ಉಪಯೋಗದ ಸಂಗತಿಯನ್ನು ಯಾಕೆ ಬಚ್ಚಿಟ್ಟಿದ್ದಾರೋ ನನಗಂತೂ ಅರ್ಥವಾಗಿಲ್ಲ. ಹೊಸ ಟೀಮಿಗೆ ಸೇರಿದ ದಿನ ನಾನು ಮೊದಲು ಮಾಡುವ ಕೆಲಸ ಅದು.

ಇದಕ್ಕಿಂತ ಕೆಟ್ಟದ್ದು ಕಾನ್‌ಫ್ಲಿಕ್ಟ್ ಬಾರದೇ ಆಗುವ ಜಗಳ. ತಡವಾಗಿ ಕಟ್ಟಿದವರ ದಂಡ ಲೆಕ್ಕ ಹಾಕುವ ಫಂಕ್ಷನ್, ಅಂದರೆ ಕೋಡಿನ ಒಂದು ತುಣುಕು, ಒಂದು ಫೈಲಿನಲ್ಲಿದೆ. ಉತ್ತರವನ್ನು ರೂಪಾಯಿಯಲ್ಲಿ ಕೊಡುತ್ತದೆ. ಪೈಸೆಯ ಲೆಕ್ಕ ತಪ್ಪುತ್ತಿದೆ ಎಂದು ರುಕ್ಮಿಣಿ ಅದನ್ನು ಪೈಸೆಯಲ್ಲಿ ಕೊಡುವಂತೆ ಬದಲಿಸುತ್ತಾಳೆ, ಅದನ್ನು ಬಳಸುತ್ತಿದ್ದ ಎಲ್ಲ ಕಡೆಯೂ ಸರಿಮಾಡುತ್ತಾಳೆ. ಅದೇ ದಿನ ಇಮ್ರಾನ್ ಬೇರೆ ಫೈಲಿನಲ್ಲಿ ಹೊಸದೊಂದು ರಸೀದಿ ಬರೆದು, ದಂಡದ ಫಂಕ್ಷನ್ನನ್ನು ಕರೆಯುತ್ತಾನೆ, ರೂಪಾಯಿ ಅಂದುಕೊಂಡು. ಫೈಲು ಬೇರೆ, ಸಾಲು ಬೇರೆ. ಮರ್ಜ್ ನುಣ್ಣಗೆ ಆಗುತ್ತದೆ. ಐವತ್ತು ರೂಪಾಯಿ ದಂಡದ ಬದಲು ಐದು ಸಾವಿರದ ರಸೀದಿ ಹೋಗುತ್ತದೆ.

ಲಾಕ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅನ್ನುವವರು ಇನ್ನೂ ಇದ್ದಾರೆ, ಅದಕ್ಕೇ ಈ ಉದಾಹರಣೆ. ಲಾಕ್ ಇದ್ದಿದ್ದರೂ ಹೀಗೇ ಆಗುತ್ತಿತ್ತು. ರುಕ್ಮಿಣಿ ತನ್ನ ಫೈಲುಗಳಿಗೆ ಚಿಲಕ ಹಾಕಿಕೊಂಡಳು, ಇಮ್ರಾನ್ ತನ್ನದಕ್ಕೆ. ಇಬ್ಬರೂ ನೆಮ್ಮದಿಯಾಗಿ ಕೆಲಸ ಮುಗಿಸಿದರು. ಚಿಲಕ ಕಾಯುವುದು ಫೈಲನ್ನು. ಒಡೆದದ್ದು ಇಬ್ಬರ ತಿಳುವಳಿಕೆ. ಅದನ್ನು ಹಿಡಿಯುವುದು ಪರೀಕ್ಷೆಗಳು ಮತ್ತು ಇನ್ನೊಬ್ಬರ ಕಣ್ಣು. ಅದೂ ಎರಡು ಬದಲಾವಣೆಗಳನ್ನು ಕೂಡಿಸಿದ ಮೇಲೆ ಓಡಿಸಿದ ಪರೀಕ್ಷೆ. ಬೇರೆಬೇರೆಯಾಗಿ ಓಡಿಸಿದರೆ ಎರಡೂ ಹಸಿರೇ, ಅಂದರೆ ಪಾಸು. ದೊಡ್ಡ ಟೀಮುಗಳು ಮರ್ಜ್ ಮಾಡುವುದಕ್ಕೂ ಸರದಿ ಸಾಲು ಇಟ್ಟಿರುವುದು ಇದರಿಂದ.

ಈಗ ಗಿಟ್. ಲಿನಕ್ಸ್ ಕರ್ನಲ್ ತಂಡ 2002ರಿಂದ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಆವೃತ್ತಿ ನಿಯಂತ್ರಣ ಪ್ರೋಗ್ರಾಂ ಪುಕ್ಕಟೆ ಸಿಗುವುದು ನಿಂತುಹೋದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಇದನ್ನು ಬರೆಯಲು ಕೂತರು. ಕೆಲವೇ ದಿನಗಳಲ್ಲಿ ಗಿಟ್ ತನ್ನ ಕೋಡನ್ನು ತಾನೇ ಸಂಭಾಳಿಸತೊಡಗಿತ್ತು. ಪ್ರತಿಯೊಬ್ಬರ ಹತ್ತಿರವೂ ಚರಿತ್ರೆಯ ಪೂರ್ತಿ ಪ್ರತಿ ಇರುತ್ತದೆ. ರೈಲಿನಲ್ಲಿ ಕೂತು, ನೆಟ್‌ವರ್ಕ್ ಇಲ್ಲದೆಯೂ ಕಮಿಟ್ ಮಾಡಬಹುದು, ಅಂದರೆ ಬದಲಾವಣೆಯನ್ನು ಚರಿತ್ರೆಗೆ ಸೇರಿಸಬಹುದು. ಹೀಗಾದ ಮೇಲೆ ಲಾಕ್ ಎಲ್ಲಿ ಇಡುವುದು? ಪ್ರತಿಯೊಂದು ಮನೆಯಲ್ಲೂ ಬಚ್ಚಲುಮನೆ ಕಟ್ಟಿಸಿಕೊಂಡ ಮೇಲೆ ಚಿಲಕಕ್ಕೆ ಅರ್ಥವಿಲ್ಲ.

ಹಾಗಿದ್ದರೂ ಇಮ್ರಾನ್ ರುಕ್ಮಿಣಿಯ ಕೆಲಸವನ್ನು ಅಳಿಸಿದ ಆ ಮೊದಲ ಸಮಸ್ಯೆ ಇದೆಯಲ್ಲ, ಅದಕ್ಕೆ ಗಿಟ್‌ನ ಉತ್ತರ ಬಾಗಿಲಲ್ಲಿ ನಿಂತಿರುವ ಕಾವಲುಗಾರ. ಸರ್ವರಿಗೆ ಪುಶ್ ಮಾಡುವಾಗ, ಅಂದರೆ ನಿಮ್ಮ ಕೆಲಸವನ್ನು ಅಲ್ಲಿಗೆ ಕಳಿಸುವಾಗ, ಅಲ್ಲಿ ಈಗಿರುವುದೆಲ್ಲ ನೀವು ತಂದ ಚರಿತ್ರೆಯೊಳಗೆ ಸೇರಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ, ನೀವು ಹೋದ ಮೇಲೆ ಇಲ್ಲಿ ಬೇರೆಯವರು ಬಂದಿದ್ದರು, ಅದನ್ನು ತೆಗೆದುಕೊಂಡು ಹೋಗಿ ಕೂಡಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸುತ್ತದೆ. ಮೊದಲೇ ಬಾಗಿಲು ಹಾಕುವುದಿಲ್ಲ. ಕೊನೆಯಲ್ಲಿ ಲೆಕ್ಕ ಕೇಳುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ಲೇಖನ ತಿದ್ದಿ ಉಳಿಸುವಾಗ, ಅಷ್ಟರಲ್ಲಿ ಬೇರೆಯವರು ತಿದ್ದಿದ್ದಾರೆ ಎಂಬ ಸಂದೇಶ ಕಂಡವರಿಗೆ ಇದು ಹೊಸದಲ್ಲ. ಅಲ್ಲೂ ಮೊದಲು ಮೂರು ಪ್ರತಿ ಹೋಲಿಸಿ ಕೂಡಿಸಲು ನೋಡುತ್ತದೆ. ಆಗದಿದ್ದರೆ ನಿಮಗೆ ಬಿಡುತ್ತದೆ.

ಈ ಕಾವಲುಗಾರನನ್ನು ತಳ್ಳಿ ಒಳನುಗ್ಗುವುದಕ್ಕೆ ಫೋರ್ಸ್ ಪುಶ್ ಎಂದು ಹೆಸರು. ಹಂಚಿಕೊಂಡ ಕವಲಿನಲ್ಲಿ ಅದನ್ನು ಮಾಡಿದರೆ ನೇರವಾಗಿ 1972ರ ಹಿಂದಕ್ಕೆ ಹೋದ ಹಾಗೆ: ಇಮ್ರಾನ್ ತನ್ನ ಪ್ರತಿ ಇಟ್ಟ, ರುಕ್ಮಿಣಿಯದು ಮಾಯ. ಅನಿವಾರ್ಯವಾದರೆ ಫೋರ್ಸ್ ವಿತ್ ಲೀಸ್ ಬಳಸಿ. ಲೀಸ್ ಅಂದರೆ ಬೆಂಗಳೂರಿನ ಮನೆ ಲೀಸ್ ಅಲ್ಲ, ಆದರೂ ಭಾವ ಹತ್ತಿರದ್ದೇ: ನಾನು ಕೊನೆಯ ಸಲ ನೋಡಿದಾಗ ಹೇಗಿತ್ತೋ ಹಾಗೇ ಇದ್ದರೆ ಮಾತ್ರ ಬದಲಿಸು, ನಡುವೆ ಯಾರಾದರೂ ಬಂದಿದ್ದರೆ ಬೇಡ.

ಅಂದ ಹಾಗೆ, ಗಿಟ್ ಒಳಗೂ ಒಂದು ಲಾಕ್ ಇದೆ. ಇಂಡೆಕ್ಸ್ ಡಾಟ್ ಲಾಕ್ ಎಂಬ ಫೈಲು ಈಗಾಗಲೇ ಇದೆ ಎಂದು ಯಾವಾಗಲಾದರೂ ಬೈದಿರಬೇಕು. ಅದು ನಿಮ್ಮದೇ ಕಂಪ್ಯೂಟರಿನಲ್ಲಿ ಎರಡು ಗಿಟ್ ಆಜ್ಞೆಗಳು ಒಟ್ಟಿಗೆ ಬರೆಯದಿರಲಿ ಎಂದು ಕ್ಷಣಕಾಲ ಹಾಕುವ ಕೊಂಡಿ. ಆಜ್ಞೆ ಮಧ್ಯದಲ್ಲಿ ಸತ್ತರೆ ಕೊಂಡಿ ಹಾಗೇ ಉಳಿಯುತ್ತದೆ. ಬೇರೆ ಗಿಟ್ ಓಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅಳಿಸಿದರಾಯಿತು.

ಮನುಷ್ಯರು ಹಾಕುವ ಲಾಕ್ ಸತ್ತಿಲ್ಲ, ಮರ್ಜ್ ಮಾಡಲಾಗದ ಫೈಲುಗಳ ಹತ್ತಿರ ಉಳಿದುಕೊಂಡಿದೆ. ಫೋಟೊಶಾಪ್ ಚಿತ್ರ, ಗೇಮಿನ ಮೂರು ಆಯಾಮದ ಮಾದರಿ, ಸರ್ಕ್ಯೂಟ್ ನಕ್ಷೆ, ಎಕ್ಸೆಲ್ ಹಾಳೆ. ಇವುಗಳ ಫೈಲಿನಲ್ಲಿ ಕೋಡಿನಂತೆ ಓದಿ ಹೋಲಿಸುವ ಸಾಲೆಂಬುದೇ ಇಲ್ಲ. ಇಬ್ಬರು ಕಲಾವಿದರು ಒಂದೇ ಆನೆಗೆ ಒಬ್ಬರು ಕಿವಿ, ಇನ್ನೊಬ್ಬರು ಸೊಂಡಿಲು ತಿದ್ದಿದರೆ ಕೂಡಿಸುವ ಯಂತ್ರವಿಲ್ಲ. ಯಾರೋ ಒಬ್ಬರ ದಿನ ಹಾಳು. ಗೇಮ್ ಸ್ಟುಡಿಯೊಗಳು ಇವತ್ತಿಗೂ ಲಾಕ್ ಇರುವ ಪರ್ಫೋರ್ಸ್ ಎಂಬ ಪ್ರೋಗ್ರಾಂ ಬಿಡದಿರುವುದಕ್ಕೆ ಇದೂ ಒಂದು ಕಾರಣ. ಲಾಕ್ ಇಲ್ಲದೆಯೇ ಬಂದ ಸಬ್‌ವರ್ಷನ್ ಎಂಬ ಇನ್ನೊಂದು ಪ್ರೋಗ್ರಾಂ 2005ರಲ್ಲಿ, 1.2 ಆವೃತ್ತಿಯಲ್ಲಿ ಅದನ್ನು ಸೇರಿಸಿಕೊಂಡಿತು. ಎಚ್ಚರವಾಗಿಯೇ ಸೇರಿಸಿತು: ಲಾಕ್ ಬೇಕೇಬೇಕು ಎಂದು ಗುರುತು ಹಾಕಿದ ಫೈಲು ನಿಮ್ಮ ಹತ್ತಿರ ಓದಲು ಮಾತ್ರ ಬರುತ್ತದೆ. ಎರಡು ದಿನ ತಿದ್ದಿ ಆಮೇಲೆ ಲಾಕ್ ಬೇರೆಯವರದೆಂದು ತಿಳಿಯುವ ಬದಲು, ತಿದ್ದಲು ಕೂತಾಗಲೇ ತಿಳಿಯುತ್ತದೆ. ಲಾಕ್ ಸಿಕ್ಕರೆ ಒಂದು ಟೋಕನ್ ಆ ಕಂಪ್ಯೂಟರಿನ ಪ್ರತಿಯಲ್ಲಿ ಕೂರುತ್ತದೆ. ಆಫೀಸಿನಲ್ಲಿ ಲಾಕ್ ಹಾಕಿದ ನೀವೇ ಮನೆಯ ಕಂಪ್ಯೂಟರಿನಿಂದ ಕಮಿಟ್ ಮಾಡಹೋದರೆ ಬಿಡುವುದಿಲ್ಲ, ಟೋಕನ್ ಅಲ್ಲಿ ಇಲ್ಲವಲ್ಲ. ಗಿಟ್‌ಗೆ ಇಂಥದ್ದು ದೊಡ್ಡ ಫೈಲುಗಳನ್ನು ಸಂಭಾಳಿಸುವ ಎಲ್‌ಎಫ್‌ಎಸ್ ಎಂಬ ಸೇರ್ಪಡೆಯ ಭಾಗವಾಗಿ, 2017ರಲ್ಲಿ ಬಂತು. ಅದಕ್ಕೂ ಎಲ್ಲರೂ ಒಪ್ಪಿದ ಒಂದು ಸರ್ವರ್ ಬೇಕೇ ಬೇಕು.

ಸಾಲುಗಳಿರುವ ಫೈಲಿನಲ್ಲೂ ಸಾಲು ಕೈಕೊಡುವುದುಂಟು. ಕನ್ನಡ ಅನುವಾದದ ಫೈಲುಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು: ಒಮ್ಮೊಮ್ಮೆ ಕಾನ್‌ಫ್ಲಿಕ್ಟಿನ ಎರಡು ಕಡೆಯೂ ಅಕ್ಷರಶಃ ಒಂದೇ ಕಾಣುತ್ತದೆ. ಇಲ್ಲೂ 'ಕೊನೆ', ಅಲ್ಲೂ 'ಕೊನೆ'. ಯೂನಿಕೋಡ್‌ನಲ್ಲಿ ಆ ಒತ್ವದ ಗುರುತನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಒಂದೇ, ಗಿಟ್ ನೋಡುವುದು ಬೈಟುಗಳನ್ನು, ಅದಕ್ಕೆ ಬೇರೆಬೇರೆ. ಜೊತೆಗೆ ಅನುವಾದಗಳನ್ನಿಡುವ ಪಿಒ ಫೈಲಿನ ತಲೆಯಲ್ಲಿ ಕೊನೆಯ ಸಲ ತಿದ್ದಿದ ದಿನ, ಹೊತ್ತು ಬರೆಯುವ ಒಂದು ಸಾಲಿರುತ್ತದೆ. ಯಾರು ಏನು ಉಳಿಸಿದರೂ ಅದು ಬದಲಾಗುತ್ತದೆ. ಹಾಗಾಗಿ ಇಬ್ಬರು ಅನುವಾದಕರು ಬೇರೆ ಪುಟಗಳಲ್ಲಿ ಕೆಲಸ ಮಾಡಿದರೂ ಆ ಸಾಲಿನಲ್ಲಿ ಜಗಳ ತಪ್ಪಿದ್ದಲ್ಲ.

ನನ್ನ ಈಗಿನ ಟೀಮಿನಲ್ಲಿ ಕೋಡಿಗೆ ಲಾಕ್ ಇಲ್ಲ. ದರಪಟ್ಟಿಯ ಒಂದು ಎಕ್ಸೆಲ್ ಹಾಳೆಗೆ ಮಾತ್ರ ಇದೆ. ಕಳೆದ ವಾರ ಅದು ಬೇಕಾಗಿ ನೋಡಿದರೆ ಮೂರು ದಿನದಿಂದ ಅಕೌಂಟ್ಸ್‌ನ ಮೇಡಂ ಹೆಸರಿನಲ್ಲಿ ಲಾಕ್. ಬಲವಂತವಾಗಿ ಬಿಡಿಸುವ ಆಜ್ಞೆ ನನಗೆ ಬಾಯಿಪಾಠ, ಅನುಮತಿಯೂ ಇದೆ. ಟೈಪ್ ಮಾಡಿ, ಅಳಿಸಿ, ಫೋನ್ ಎತ್ತಿಕೊಂಡೆ.

"ಮೇಡಂ, ದರಪಟ್ಟಿ ನಿಮ್ಮ ಹತ್ರ ಇದೆಯಾ?"

"ಅಯ್ಯೋ, ಇದೆ ಕಣ್ರೀ. ಅರ್ಧ ತುಂಬಿದ್ದೀನಿ, ಇನ್ನೂ ಕಳಿಸಿಲ್ಲ. ಊಟ ಆದ್ಮೇಲೆ ಬಿಡ್ಲಾ?"

ಊಟ ಆದ ಮೇಲೆ ಬಿಟ್ಟರು.